ಅಂಟು ಹಾಕಬಾರದ ಜಾಗ

ಜೂನ್ 3

ಮೊಂಡನಿಗೆ,

ಎರಡು ಸಲ ಜೈಲಿನ ಗೇಟಿನವರೆಗೆ ಬಂದು ಹಾಗೇ ಹಿಂತಿರುಗಿದೆ. ಎರಡು ಸಲವೂ ಗೇಟಿನ ಕಾವಲುಗಾರ ಒಳಗೆ ಹೋಗಿ ಬಂದು, "ಬರಲ್ಲ ಅಂತಾನಮ್ಮಾ" ಎಂದ. ಎರಡನೆಯ ಸಲ ನನ್ನ ಮುಖ ನೋಡಿ ಕನಿಕರ ಬಂತೋ ಏನೋ, ಕೂರಲು ತನ್ನ ಸ್ಟೂಲು ಕೊಟ್ಟ. ತಮ್ಮನಿಂದ ಸಿಗದ ಮರ್ಯಾದೆ ಗೇಟಿನವನಿಂದ ಸಿಕ್ಕಿತು.

ನಿನ್ನೆ ಅಲ್ಲಿನ ಡಾಕ್ಟರು ಫೋನ್ ಮಾಡಿದ್ದರು. ನೀನು ಊಟ ಬಿಟ್ಟಿದ್ದೀಯಂತೆ. ಯಾರಾದರೂ ಎದುರಿಗೆ ನಿಂತು ಗದರಿದರೆ ಎರಡು ತುತ್ತು, ಇಲ್ಲದಿದ್ದರೆ ಬರೀ ನೀರು. "ಹೀಗೇ ಆದ್ರೆ ಜಾಸ್ತಿ ದಿನ ಉಳಿಯಲ್ಲ. ನಿಮ್ಮ ಮಾತಾದ್ರೂ ಕೇಳ್ತಾನಾ ನೋಡಿ" ಎಂದರು. ಫೋನ್ ಇಟ್ಟ ಮೇಲೆ ನನಗೆ ನಗು ಬಂತು ಕಣೋ. ಹಲ್ಲಿನ ಡಾಕ್ಟರ ಪಕ್ಕದಲ್ಲಿ ನಿಂತು ಊರವರಿಗೆಲ್ಲ "ಬಾಯಿ ತೆಗೀರಿ, ಇನ್ನೂ ಸ್ವಲ್ಪ ತೆಗೀರಿ" ಅನ್ನುವುದೇ ನನ್ನ ಕೆಲಸ. ಒಡಹುಟ್ಟಿದವನ ಬಾಯಿ ತೆಗೆಸಲು ಮಾತ್ರ ನನ್ನಿಂದ ಆಗುತ್ತಿಲ್ಲ.

ತಪ್ಪು ತಿಳಿಯಬೇಡ. ನಿನ್ನನ್ನು ನಾನು ಕ್ಷಮಿಸಿಲ್ಲ. ನೀನು ಕ್ರೇನಿನಿಂದ ಇಳಿಸಿದ ಪೈಪಿನ ಹೊರೆಯ ಕೆಳಗೆ ಸಿಕ್ಕಿಕೊಂಡವರು ನನ್ನ ಗಂಡ. ಕೋರ್ಟಿನಲ್ಲಿ "ತಪ್ಪು ನನ್ನದು" ಎಂದು ಒಂದೇ ಮಾತು ಹೇಳಿ ನೆಲ ನೋಡುತ್ತಾ ನಿಂತೆ. ಎರಡು ವರ್ಷ ಕೊಟ್ಟರು. ನನ್ನ ಕೈಯಲ್ಲಿದ್ದಿದ್ದರೆ ಇನ್ನೂ ಹೆಚ್ಚು ಕೊಡುತ್ತಿದ್ದೆ. ಆದರೆ ಸಾಯಿ ಅಂತ ನಿನಗೆ ಯಾರೂ ಹೇಳಿಲ್ಲ. ಒಬ್ಬರನ್ನು ಮಣ್ಣಿಗೆ ಕೊಟ್ಟು ಬಂದಿದ್ದೇನೆ, ಇನ್ನೊಬ್ಬರಿಗಾಗಿ ಅಳುವಷ್ಟು ಶಕ್ತಿ ನನ್ನಲ್ಲಿ ಉಳಿದಿಲ್ಲ.

ಇನ್ನು ಮೇಜಿನ ವಿಷಯ. ನೀವು ಭಾವ, ಬಾಮೈದ ಸೇರಿ ರಜೆ ಸಿಕ್ಕಾಗೆಲ್ಲ ಕೂತು ಜೋಡಿಸುತ್ತಿದ್ದ ಆ ಪ್ಲಾಸ್ಟಿಕ್ ಮಾದರಿ, ಹಳಿಯ ಮೇಲೆ ಓಡುವ ರೈಲು ಫಿರಂಗಿ, ಮುಂದಿನ ಕೋಣೆಯಲ್ಲಿ ಬಿಟ್ಟ ಹಾಗೇ ಬಿದ್ದಿದೆ. ಊಟದ ಮೇಜಿನ ಈ ತುದಿಯಿಂದ ಆ ತುದಿಯವರೆಗೂ ಅದೇ. ಚಕ್ರಗಳೂ ಗಾಡಿಯೂ ಹಳಿಯ ಮೇಲೆ ನಿಂತಿವೆ, ಮೂತಿ ಬರಬೇಕಾದ ತುದಿ ಬೀದಿ ಬಾಗಿಲ ಕಡೆಗೆ. ಉಳಿದ ತುಂಡುಗಳು ಇನ್ನೂ ಡಬ್ಬದಲ್ಲಿ ಬಂದ ಪ್ಲಾಸ್ಟಿಕ್ ಚೌಕಟ್ಟಿನಲ್ಲೇ, ಬಿಡಿಸದೆ ನೇತಾಡುತ್ತಿವೆ. ಅವರು ಹೋದಂದಿನಿಂದ ಅಡಿಗೆಮನೆಯಲ್ಲಿ ನಿಂತುಕೊಂಡೇ ತಿನ್ನುತ್ತಿದ್ದೇನೆ. ಎತ್ತಿಡಲು ಕೈ ಬರುವುದಿಲ್ಲ, ನೋಡುತ್ತಾ ಕೂರಲೂ ಆಗುವುದಿಲ್ಲ.

ಅದಕ್ಕೆ ಒಂದು ತೀರ್ಮಾನ ಮಾಡಿದ್ದೇನೆ. ಇನ್ನು ಅದನ್ನು ನಾನೇ ಜೋಡಿಸುತ್ತೇನೆ. ನೀನು ಊಟ ಮಾಡುವವರೆಗೆ ದಿನಕ್ಕೊಂದು ತಪ್ಪು ಮಾಡುತ್ತೇನೆ. ಅದರ ಸಣ್ಣ ಏಣಿ ಒಂದು ಕೂದಲು ವಾರೆಯಾದರೆ ರಾತ್ರಿಯೆಲ್ಲ ನಿದ್ದೆ ಬಾರದವನಲ್ಲವಾ ನೀನು? ಸಹಿಸಿಕೋ.

ನಿನ್ನ ಅಕ್ಕ


ಜೂನ್ 15

ಮೊಂಡನಿಗೆ,

ಉತ್ತರವಿಲ್ಲ. ಸರಿ, ನಾನೂ ಅದೇ ಹೊಟ್ಟೆಯಲ್ಲಿ ಹುಟ್ಟಿದವಳು.

ಫಿರಂಗಿಯ ನಳಿಗೆ ಎರಡು ಹೋಳಾಗಿ ಬರುತ್ತದಲ್ಲ, ಅವನ್ನು ಸೇರಿಸಿದೆ. ಒಂದು ಹೋಳು ಚೂರು ಮುಂದಕ್ಕೆ ಜಾರಿ, ಉದ್ದಕ್ಕೂ ಏಣು ಎದ್ದಿದೆ. ಬಿರುಕಿಗೆ ನಿಮ್ಮ ಪುಟ್ಟಿ ಹುಡುಕಿದೆ, ಡಬ್ಬಿಯಲ್ಲೇ ಒಣಗಿ ಕಲ್ಲಾಗಿತ್ತು. ಕ್ಲಿನಿಕ್ಕಿನಿಂದ ಹಲ್ಲು ತುಂಬುವ ಸಿಮೆಂಟ್ ತಂದು ಮೆತ್ತಿದೆ. ನಿನ್ನ ಫಿರಂಗಿಗೆ ಇನ್ನು ಹುಳುಕಿನ ಭಯವಿಲ್ಲ. ಎಡಗಡೆಯ ಏಣಿಯನ್ನು ತಲೆಕೆಳಗು ಅಂಟಿಸಿದೆ. ಅದರ ಜೊತೆ ಬಂದ ಪುಟ್ಟ ಸಿಪಾಯಿ ಗೊಂಬೆಗಳಲ್ಲಿ ಒಬ್ಬನನ್ನು ನಳಿಗೆಯ ಮೇಲೆ ಕುದುರೆ ಸವಾರನ ಹಾಗೆ ಕೂರಿಸಿದ್ದೇನೆ. ಅವನ ಮುಖ ನಿನ್ನ ಹಾಗೇ ಇದೆ, ಗಂಟು ಹಾಕಿಕೊಂಡು.

ಎಲ್ಲವೂ ಬೇಕೆಂದೇ ಮಾಡಿದ ತಪ್ಪಲ್ಲ. ಅರ್ಧ ನಿಜವಾಗಿ ಬರದೆ ಆದದ್ದು. ಕೈಗೆಲ್ಲ ಅಂಟು, ಆ ವಾಸನೆ ತಲೆಗೇರುತ್ತದೆ. ನಿಮ್ಮಿಬ್ಬರಿಗೆ ಎಷ್ಟು ಬೈಯುತ್ತಿದ್ದೆ, ಕಿಟಕಿ ತೆಗೆಯಿರೋ ಅಂತ. ಈಗ ಮುಚ್ಚಿಕೊಂಡೇ ಕೂರುತ್ತೇನೆ. ಆ ವಾಸನೆ ಇರುವಷ್ಟು ಹೊತ್ತು ಒಳಗಿನ ಕೋಣೆಯಲ್ಲಿ ಅವರು ಬ್ರಶ್ಶು ತೊಳೆಯುತ್ತಿದ್ದಾರೆ ಅನ್ನಿಸುತ್ತದೆ.

ಡಾಕ್ಟರು ಮತ್ತೆ ಫೋನ್ ಮಾಡಿದ್ದರು. ನೀನು ತೀರಾ ಇಳಿದು ಹೋಗಿದ್ದೀಯಂತೆ. ದಮ್ಮಯ್ಯ ಕಣೋ, ಬೈಯಲಿಕ್ಕಾದರೂ ಒಂದು ಸಾಲು ಬರಿ.

ನಿನ್ನ ಅಕ್ಕ


ಜೂನ್ 21

ಅಕ್ಕ,

ಹಲ್ಲಿನ ಸಿಮೆಂಟ್ ಇಷ್ಟರಲ್ಲಿ ಗಟ್ಟಿಯಾಗಿರುತ್ತದೆ. ಉಪ್ಪುಕಾಗದವನ್ನು ನೀರಿನಲ್ಲಿ ನೆನೆಸಿ ಉಜ್ಜು. ಒಣಗಿದ್ದರಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಏಣಿಯನ್ನು ಅಲಗಿನಿಂದ ನಿಧಾನವಾಗಿ ಎಬ್ಬಿಸಬಹುದು. ಸಿಪಾಯಿಯನ್ನು ಇಳಿಸು.

ಹಿಂಬದಿಯಲ್ಲಿ ಗುಂಡು ಎತ್ತುವ ಸಣ್ಣ ಕ್ರೇನ್ ಬರುತ್ತದೆ. ಅದರ ತುಂಡುಗಳನ್ನು ಜೋಡಿಸಬೇಡ, ಎಸೆದುಬಿಡು. ಕಣ್ಣೆದುರು ಇಟ್ಟುಕೊಳ್ಳಬೇಡ.

ಮತ್ತೆ ಬರೆಯಬೇಡ. ನನಗೆ ಕಾಗದ ಬರೆಯುವ ಕರ್ಮ ನಿನಗೆ ಯಾಕೆ.

ತಮ್ಮ


ಜೂನ್ 27

ಮೊಂಡನಿಗೆ,

ಬರೆಯಬೇಡ ಅಂತ ಹೇಳಲಿಕ್ಕೆ ಬರೆದೆಯಲ್ಲ, ಅಷ್ಟು ಸಾಕು. ಕಾಗದವನ್ನು ಕ್ಲಿನಿಕ್ಕಿಗೂ ತೆಗೆದುಕೊಂಡು ಹೋಗಿದ್ದೆ. ನಾನು ನಗುವುದನ್ನು ನೋಡಿ ಹಲ್ಲು ಕೀಳಿಸಿಕೊಳ್ಳಲು ಬಂದವರೊಬ್ಬರು ಹೆದರಿ ಎದ್ದು ಹೋದರು.

ಏಣಿ ಬಿಡಿಸಿದೆ. ಸಿಪಾಯಿಯನ್ನು ಇಳಿಸಿದೆ, ಅವನ ಪೃಷ್ಠದ ಬಣ್ಣ ಸ್ವಲ್ಪ ನಳಿಗೆಯಲ್ಲೇ ಉಳಿಯಿತು. ಕ್ರೇನಿನ ತುಂಡುಗಳನ್ನು ಎಸೆಯಲಿಲ್ಲ. ನೀನು ಹೇಳಿದ್ದನ್ನೆಲ್ಲ ಕೇಳಬೇಕಾದರೆ ನಾನು ಹೇಳಿದ್ದು ಒಂದನ್ನಾದರೂ ನೀನು ಕೇಳು. ತಿನ್ನು.

ಈಗ ಒಂದು ಅನುಮಾನ. ಸೂಚನೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬಾಗಿದ ಹಳಿಯ ಚಿತ್ರವಿದೆ. ಇಷ್ಟು ಭಾರದ ಫಿರಂಗಿಯನ್ನು ನಿಂತಲ್ಲೇ ಎಡಕ್ಕೆ ಬಲಕ್ಕೆ ತಿರುಗಿಸಲು ಆಗುವುದಿಲ್ಲವಂತೆ. ಗುರಿ ಬದಲಿಸಬೇಕಾದರೆ ಬಾಗಿದ ಹಳಿ ಹಾಸಿ, ಇಡೀ ಗಾಡಿಯನ್ನು ಅದರ ಮೇಲೆ ಹಿಂದಕ್ಕೋ ಮುಂದಕ್ಕೋ ತಳ್ಳಬೇಕಂತೆ. ಥೇಟ್ ನಮ್ಮ ಮನೆತನದ ಫಿರಂಗಿ ಎಂದುಕೊಂಡೆ. ಅದಕ್ಕಾಗಿಯೇ ಕೆಳಗೆ ಮುಂದೊಂದು ಹಿಂದೊಂದು ಚಕ್ರಗಾಡಿ, ಎರಡೂ ತಮ್ಮ ಗೂಟದ ಮೇಲೆ ಅತ್ತಿತ್ತ ಆಡಬೇಕು. ಹಿಂದಿನದು ಆಡುತ್ತದೆ. ಮುಂದಿನದು ಜಪ್ಪಯ್ಯ ಅಂದರೂ ಕದಲುವುದಿಲ್ಲ. ಇದು ನಾನು ಮಾಡಿದ ತಪ್ಪಲ್ಲ, ನಾನು ಅದನ್ನು ಮುಟ್ಟಿಯೇ ಇಲ್ಲ. ಏನು ಮಾಡಲಿ?

ನಿನ್ನ ಅಕ್ಕ


ಜುಲೈ 8

ಅಕ್ಕ,

ಅದು ಭಾವನ ಕೆಲಸ. ಪುಸ್ತಕದಲ್ಲಿ ಆ ಗೂಟದ ಪಕ್ಕ ಅಂಟಿನ ಬಾಟಲಿಯ ಚಿತ್ರ ಬರೆದು ಅದರ ಮೇಲೆ ಅಡ್ಡಗೆರೆ ಎಳೆದಿದ್ದಾರೆ. ಅಂಟು ಹಾಕಬಾರದ ಜಾಗ ಅಂತ ಅರ್ಥ. ನಾನು ಕೈ ತೊಳೆದು ಬರುವಷ್ಟರಲ್ಲಿ ಅವರು ಬ್ರಶ್ಶು ತುಂಬಾ ಅಂಟು ಬಳಿದು ಒತ್ತಿ ಹಿಡಿದಿದ್ದರು. "ನೋಡೋ, ಇನ್ನು ನೂರು ವರ್ಷ ಅಲ್ಲಾಡಲ್ಲ" ಎಂದರು. ಅಷ್ಟು ಖುಷಿಯಲ್ಲಿದ್ದರು. ಆ ಕ್ಷಣಕ್ಕೇ ಎಳೆದಿದ್ದರೆ ಬಿಡಿಸಬಹುದಿತ್ತು. ನಾನು ನೋಡಿಯೂ ಸುಮ್ಮನಿದ್ದೆ.

ಅದನ್ನು ಒಡೆಯಬೇಡ ಅಕ್ಕ. ತಪ್ಪಾಗಿಯೇ ಇರಲಿ. ಅವರ ಕೈಯಿಂದ ಆದದ್ದು.

ತಮ್ಮ


ಜುಲೈ 14

ತಮ್ಮಾ,

ನಿನ್ನ ಕಾಗದ ಓದಿ ಎರಡು ದಿನ ಫಿರಂಗಿಯ ಹತ್ತಿರ ಹೋಗಲಿಲ್ಲ.

ಅಡ್ಡಗೆರೆ ಎಳೆದ ಕಡೆಗೇ ಕೈ ಹಾಕುವುದು ಅವರ ಜಾಯಮಾನ. ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತು. ಒದ್ದೆ ನೆಲ ಎಂದು ಬೋರ್ಡು ಇಟ್ಟಿದ್ದರೆ ಅದರ ಮೇಲೇ ನಡೆದು ಹೋಗಿ, ಎಲ್ಲಿ ಜಾರಿತು ಅಂತ ನನ್ನ ಮುಖ ನೋಡುವರು. ಡಾಕ್ಟರು ಬೇಡ ಎಂದ ದಿನವೇ ಎದ್ದು ಕೆಲಸಕ್ಕೆ ಹೊರಡುವರು. ಅದನ್ನು ನೋಡಿ ನಾನು ಬೈಯುತ್ತಿದ್ದೆ, ನೀನು ಸುಮ್ಮನಿರುತ್ತಿದ್ದೆ.

ಕೆಲಸದ ಜಾಗದಲ್ಲೂ ಅದೇ ಅಲ್ಲವಾ? ಹೊರೆಗೆ ಸರಪಳಿ ಬಿಗಿದು, ದೂರ ನಿಂತು, ನಿನಗೆ ಕೈಸನ್ನೆ ಮಾಡುವುದು ಅವರ ಕೆಲಸ. ನೇತಾಡುವ ಹೊರೆಯ ಕೆಳಗೆ ಹೋಗುವುದು ಅವರ ಕೆಲಸವಲ್ಲ. ಮತ್ತೆ ಅವರು ಅಲ್ಲಿಗೆ ಹೇಗೆ ಹೋದರು? ಕೋರ್ಟಿನಲ್ಲಿ ವಕೀಲರು ಎಷ್ಟು ಸಲ ಕೇಳಿದರೂ ನೀನು ತುಟಿ ಬಿಚ್ಚಲಿಲ್ಲ. ನಾನು ಅದನ್ನು ಸೊಕ್ಕು ಎಂದುಕೊಂಡಿದ್ದೆ.

ಅವರು ತಾವಾಗಿಯೇ ಕೆಳಗೆ ಹೋದರಾ? ನನಗೆ ಹೇಳು. ಜಡ್ಜಿಗೆ ಬೇಡ, ನನಗೆ.

ಅಕ್ಕ


ಆಗಸ್ಟ್ 2

ತಾಯಿ,

ನನ್ನ ಪರಿಚಯ ನಿಮಗಿಲ್ಲ. ಹೊರಗಿದ್ದಾಗ ಬಸ್ ಕಂಡಕ್ಟರ್ ಆಗಿದ್ದೆ, ಈಗ ಜೈಲಿನ ಆಸ್ಪತ್ರೆಯಲ್ಲಿ ನಿಮ್ಮ ತಮ್ಮನ ಪಕ್ಕದ ಮಂಚದವನು. ಅವನನ್ನು ಹೋದ ವಾರ ಎತ್ತಿಕೊಂಡು ಬಂದು ಇಲ್ಲಿ ಮಲಗಿಸಿದರು. ನಿಮ್ಮ ಕಾಗದ ಅವನ ದಿಂಬಿನ ಕೆಳಗಿದೆ. ಅವನನ್ನು ಕೇಳದೆ ನಾನು ಮುಟ್ಟಿಲ್ಲ. ಅವನೇ ಓದಿ ಹೇಳೆಂದ, ಓದುವಷ್ಟು ಕಣ್ಣು ನಿಲ್ಲುತ್ತಿಲ್ಲವಂತೆ. ಹಳೆಯದೂ ಓದಿದೆ. ನಳಿಗೆಯ ಮೇಲಿನ ಸಿಪಾಯಿಯ ಭಾಗ ಬಂದಾಗ ನಕ್ಕ. ಕೊನೆಯ ಕಾಗದ ಮುಗಿದಾಗ ಗೋಡೆಯ ಕಡೆ ತಿರುಗಿ ಮಲಗಿದವನು ಸಂಜೆಯಾದರೂ ಏಳಲಿಲ್ಲ.

ಸೂಜಿಯಲ್ಲಿ ಏನೋ ಏರಿಸುತ್ತಿದ್ದಾರೆ. ರಾತ್ರಿ ಅದನ್ನು ಕಿತ್ತು ಹಾಕುತ್ತಾನೆ. ನಾನು ಎಷ್ಟೋ ಹಟಮಾರಿಗಳನ್ನು ಬಸ್ಸಿನಿಂದ ಇಳಿಸಿದ್ದೇನೆ ತಾಯಿ, ಆದರೆ ಹೋಗುತ್ತೇನೆ ಅಂತ ಕೂತವನನ್ನು ಹಿಡಿದು ನಿಲ್ಲಿಸುವುದು ಹೇಗೆ ಅಂತ ಗೊತ್ತಾಗುತ್ತಿಲ್ಲ. ನೀವೇ ಏನಾದರೂ ಮಾಡಬೇಕು. ಬೇಗ.

ಪಕ್ಕದ ಮಂಚದ ಕಂಡಕ್ಟರ್


ಆಗಸ್ಟ್ 4

ಕಂಡಕ್ಟರ್ ಅವರೇ, ಇದನ್ನು ಅವನ ಕಿವಿಯ ಹತ್ತಿರ ಕೂತು, ಗಟ್ಟಿಯಾಗಿ ಓದಿ.

ಲೋ. ಇವತ್ತು ಬಂದಿದ್ದೆ. ಆಸ್ಪತ್ರೆಯೊಳಗೆ ಬಿಡುವುದಿಲ್ಲವಂತೆ, ಎದ್ದು ಬರಲು ಆಗದವರನ್ನು ನೋಡಲು ಅಪ್ಪಣೆ ಬೇಕಂತೆ. ಬೇಡಿಕೊಂಡೆ, ಜಗಳವಾಡಿದೆ, ಅತ್ತೆ. ಹೊರಗೋಡೆಯ ಪಕ್ಕ ನಿಂತು ನಿನ್ನನ್ನು ಕೂಗಿದೆ ಕೂಡ. ಬೀದಿಯವರೆಲ್ಲ ನೋಡಿದರು. ನಿನಗೆ ಕೇಳಿಸಿತೋ ಇಲ್ಲವೋ.

ನನಗೆ ಇನ್ನು ಆಟವಾಡಲು ಆಗುವುದಿಲ್ಲ. ತಪ್ಪು ಮಾಡಿ ನಿನ್ನನ್ನು ರೇಗಿಸುವುದು, ನಗಿಸುವುದು, ಎಲ್ಲ ಮುಗಿಯಿತು. ನನಗೆ ಭಯವಾಗುತ್ತಿದೆ. ಮನೆಗೆ ಬಂದರೆ ಆ ಮೇಜು, ಆ ಖಾಲಿ ಕುರ್ಚಿಗಳು. ನೀನೂ ಹೋದರೆ ಅವರ ವಿಷಯ ಮಾತಾಡಲು ನನಗೆ ಈ ಭೂಮಿಯ ಮೇಲೆ ಯಾರಿದ್ದಾರೆ? ಅವರು ಊಟದ ನಡುವೆ ಹೇಗೆ ನಗುತ್ತಿದ್ದರು ಅನ್ನುವುದು ಇನ್ನು ಯಾರಿಗೆ ಗೊತ್ತು?

ಕಾಲಿಗೆ ಬೀಳುತ್ತೇನೆ, ತಿನ್ನು. ತಿನ್ನದಿದ್ದರೂ ಪರವಾಗಿಲ್ಲ, ನಾನು ಕೇಳಿದ್ದಕ್ಕೆ ಉತ್ತರ ಹೇಳು. ಹೇಳದೆ ಸತ್ತರೆ, ಬದುಕಿರುವವರೆಗೂ ನಿನ್ನ ಮೇಲೂ ಅವರ ಮೇಲೂ ಅನುಮಾನ ಇಟ್ಟುಕೊಂಡು ನಾನು ಹೇಗೆ ಬಾಳಲಿ?

ಅಕ್ಕ


ಆಗಸ್ಟ್ 13

ತಾಯಿ, ಇದು ಅವನು ಹೇಳಿದ್ದು, ನಾನು ಬರೆದದ್ದು. ಒಂದೇ ದಿನ ಹೇಳಿದ್ದಲ್ಲ. ಒಂದು ಮಾತೂ ಸೇರಿಸಿಲ್ಲ.

ಅಕ್ಕ,

ಇಳಿಸು ಅಂತ ಭಾವ ಕೈ ತೋರಿಸಿದರು. ಇಳಿಸುತ್ತಿದ್ದೆ. ಕೆಳಗೆ ಹೊರೆ ಕೂರಲು ಇಟ್ಟಿದ್ದ ಮರದ ದಿಮ್ಮಿ ವಾರೆಯಾಗಿತ್ತು. ಅದನ್ನು ಸರಿ ಮಾಡಲು ಅವರು ಓಡಿ ಕೆಳಗೆ ಹೋದರು. ಯಾವಾಗಲೂ ಹೋಗುತ್ತಿದ್ದರು. ನಾನು ಹಾರ್ನ್ ಒತ್ತಿದರೆ ಕೈ ಬೀಸಿ ನಗುತ್ತಾ ಆ ಕಡೆಯಿಂದ ಹೊರಗೆ ಬರುತ್ತಿದ್ದರು.

ಸನ್ನೆ ಮಾಡುವವನ ಕೈ ಕಾಣದಿದ್ದರೆ ನಿಲ್ಲಿಸಬೇಕು. ಕ್ರೇನಿನವನಿಗೆ ಮೊದಲು ಕಲಿಸುವುದೇ ಅದು. ಅವರ ಕೈ ಕಾಣಲಿಲ್ಲ. ನಾನು ನಿಲ್ಲಿಸಲಿಲ್ಲ. ಆ ಕಡೆ ಬಂದೇ ಬರುತ್ತಾರೆ ಅಂತ ಇಳಿಸುತ್ತಲೇ ಹೋದೆ. ಅಷ್ಟೇ ನಡೆದದ್ದು.

ಇದನ್ನು ಕೋರ್ಟಿನಲ್ಲಿ ಹೇಳಿದ್ದರೆ ಅವರದೇ ತಪ್ಪು ಎನ್ನುತ್ತಿದ್ದರು. ಸತ್ತವರ ಮೇಲೆ ಹಾಕಿ ನಾನು ತಪ್ಪಿಸಿಕೊಂಡ ಹಾಗಾಗುತ್ತಿತ್ತು. ನೀನು ಅಲ್ಲೇ ಮುಂದಿನ ಬೆಂಚಿನಲ್ಲಿ ಅವರ ಸ್ವೆಟರ್ ಹಾಕಿಕೊಂಡು ಕೂತಿದ್ದೆ. ಹೇಳಲು ನನಗೆ ಬಾಯಿ ಬರಲಿಲ್ಲ.

ಆ ಗೂಟವನ್ನು ಬಿಡಿಸುವುದಾದರೆ ಬಿಡಿಸು. ಈ ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಒಂದು ಮಾಡುತ್ತದೆ, ಎಳೆದರೆ ಬರುವುದಿಲ್ಲ, ಕೊಯ್ಯಬೇಕು. ತೆಳ್ಳಗಿನ ಗರಗಸದ ಅಲಗನ್ನು ಸಂದಿಯಲ್ಲಿ ತೂರಿಸು. ಒತ್ತಬೇಡ. ಬಿಸಿಯಾದರೆ ಕೊಯ್ದದ್ದೇ ಮತ್ತೆ ಕರಗಿ ಕೂಡಿಕೊಳ್ಳುತ್ತದೆ. ನೀರು ಹನಿಸುತ್ತಾ, ನಿಲ್ಲಿಸಿ ನಿಲ್ಲಿಸಿ ಕೊಯ್ಯಿ. ಆಮೇಲೆ ಅದೇ ಜಾಗಕ್ಕೆ ತೂತು ಕೊರೆದು ಸಣ್ಣ ಮೊಳೆ ಇಡು. ಅದಕ್ಕೆ ಅಂಟು ಹಾಕಬೇಡ.

ತಮ್ಮ

(ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ ನೀರು ಕೇಳಿದ. ನೀರಿಗೆ ನಾನು ಸಕ್ಕರೆ ಹಾಕಿದ್ದೆ. ಗೊತ್ತಾದರೂ ಕುಡಿದ. — ಕಂಡಕ್ಟರ್)


ಆಗಸ್ಟ್ 24

ತಮ್ಮಾ,

ಮೊದಲು ಅವರಿಗೆ ಬೈದೆ. ಗೋಡೆಯ ಮೇಲಿನ ಫೋಟೋದ ಮುಂದೆ ನಿಂತು, ಬಾಯಿಗೆ ಬಂದದ್ದೆಲ್ಲ ಬೈದೆ. ಮರದ ದಿಮ್ಮಿ ವಾರೆ ಇದ್ದರೆ ನಿನ್ನ ಗಂಟೇನು ಹೋಗುತ್ತಿತ್ತು, ನನ್ನ ನೆನಪು ಒಂದು ಕ್ಷಣ ಬರಲಿಲ್ಲವಾ ಅಂತ. ಮದುವೆಯಾದ ಮೇಲೆ ಅವರನ್ನು ಏಕವಚನದಲ್ಲಿ ಕರೆದದ್ದು ಇದೇ ಮೊದಲು. ಬೈದು ಮುಗಿದ ಮೇಲೆ ಅತ್ತೆ. ಅವರು ಹೋದ ದಿನವೂ ಹಾಗೆ ಅತ್ತಿರಲಿಲ್ಲ.

ನೀನು ಅವರ ಹೆಸರು ಉಳಿಸಿದೆ ಅಂದುಕೊಂಡಿದ್ದೀಯ. ನನ್ನ ಗಂಡನ ಮೇಲೆ ಸಿಟ್ಟಾಗುವ ಹಕ್ಕನ್ನು ನನ್ನಿಂದ ಕಿತ್ತುಕೊಂಡಿದ್ದೆ. ಸಿಟ್ಟಾಗದೆ ಅವರಿಗಾಗಿ ಸರಿಯಾಗಿ ಅಳಲೂ ನನ್ನಿಂದ ಆಗಿರಲಿಲ್ಲ. ಅವರಂಥವರನ್ನು ತಪ್ಪಿನ ಸಮೇತ ಕಟ್ಟಿಕೊಂಡವಳು ನಾನು. ತಪ್ಪಿಲ್ಲದ ಫೋಟೋ ಇಟ್ಟುಕೊಂಡು ಏನು ಮಾಡಲಿ?

ನೀನು ನಿಲ್ಲಿಸಬೇಕಿತ್ತು. ಅದು ನಿಜ, ಅದನ್ನು ನಾನು ಮರೆಯುವುದಿಲ್ಲ. ಅದಕ್ಕೆ ಎರಡು ವರ್ಷ ಕೊಟ್ಟಿದ್ದಾರೆ, ಅಷ್ಟನ್ನು ಬದುಕಿ ಮುಗಿಸು. ಅವರ ಪಾಲಿನದನ್ನು ನೀನು ಹೊರಬೇಡ. ಅದು ನನ್ನದು, ನಾನು ಹೊರುತ್ತೇನೆ.

ಗೂಟ ಕೊಯ್ದೆ. ನಿಲ್ಲಿಸಿ ನಿಲ್ಲಿಸಿ, ನೀರು ಹನಿಸಿ, ನೀನು ಹೇಳಿದ ಹಾಗೇ. ಕ್ಲಿನಿಕ್ಕಿನ ಹಳೆಯ ಡ್ರಿಲ್ಲಿನಲ್ಲಿ ತೂತು ಕೊರೆದೆ. ಡಾಕ್ಟರು, "ಯಾರಿಗಮ್ಮಾ ಈ ಹಲ್ಲು?" ಎಂದರು. ನಮ್ಮ ಮನೆಯವರಿಗೆ ಎಂದೆ. ಬಿಟ್ಟುಕೊಂಡ ಅಂಟಿನ ಒಳಗೆ ಅವರ ಬ್ರಶ್ಶಿನ ಒಂದು ಕೂದಲು ಸಿಕ್ಕಿಕೊಂಡಿತ್ತು. ಚಿಮಟದಿಂದ ತೆಗೆದು ಫೋಟೋದ ಗಾಜಿನೊಳಗೆ ಇಟ್ಟಿದ್ದೇನೆ.

ಹಳಿಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಬಗ್ಗಿಸಿದೆ. ಒಂದು ಕಡೆ ಸೊಟ್ಟಗಾಗಿದೆ, ನೀನು ನೋಡಿದರೆ ನರಳುತ್ತೀಯ. ಗಾಡಿಯನ್ನು ಅದರ ಮೇಲಿಟ್ಟು ಬೆರಳಿನಿಂದ ತಳ್ಳಿದೆ. ಮುಂದಿನ ಚಕ್ರಗಳು ಕಿರ್ ಎಂದು ತಿರುಗಿದವು.

ಒಂದು ವಿಷಯ ನಿನಗೆ ಹೇಳಿರಲಿಲ್ಲ. ಅದರ ಮೂತಿ ಬೀದಿ ಬಾಗಿಲಿಗೆ ಇತ್ತು ಅಂದಿದ್ದೆನಲ್ಲ, ಅದನ್ನು ಎತ್ತಿ ಬೇರೆ ಕಡೆಗೆ ಇಡಲು ಎಷ್ಟು ಹೊತ್ತು? ಇಡಲಿಲ್ಲ. ನೀನು ಯಾವತ್ತಾದರೂ ಆ ಬಾಗಿಲು ತೆಗೆದು ಒಳಗೆ ಬಂದರೆ ಎದುರಿಗೆ ಅದು ಕಾಣಲಿ ಅಂತಲೇ ಹಾಗೆ ಬಿಟ್ಟಿದ್ದೆ. ಅಷ್ಟು ಸಿಟ್ಟಿತ್ತು ನನಗೆ. ಈಗ ಅದು ಕಿಟಕಿಯ ಕಡೆ ನೋಡುತ್ತಿದೆ. ಬಾಗಿಲ ಎದುರು ಏನೂ ಇಲ್ಲ. ಬಾ.

ನಿನ್ನ ಅಕ್ಕ


ಸೆಪ್ಟೆಂಬರ್ 5

ಅಕ್ಕ,

ಅಕ್ಷರ ಸೊಟ್ಟಗಿದೆ, ನಾನೇ ಬರೆಯುತ್ತಿದ್ದೇನೆ. ಕಂಡಕ್ಟರ್ ಎದುರಿಗೆ ಕೂತು ತಟ್ಟೆ ಕಾಯುತ್ತಾರೆ, ಖಾಲಿಯಾಗದಿದ್ದರೆ ಸೀಟಿ ಊದುತ್ತೇನೆ ಅಂತ ಹೆದರಿಸುತ್ತಾರೆ. ನಿನ್ನೆ ತಿಂದದ್ದು ಅರ್ಧ ವಾಂತಿಯಾಯಿತು. ಇವತ್ತು ಆಗಲಿಲ್ಲ.

ಕ್ರೇನಿನ ತುಂಡುಗಳು ಇನ್ನೂ ಇವೆಯಾ? ಇದ್ದರೆ ಮುಟ್ಟಬೇಡ. ಅದರ ಕೊಕ್ಕೆಗೆ ದಾರ ಕಟ್ಟುವುದು ಸೂಕ್ಷ್ಮದ ಕೆಲಸ, ನಿನ್ನ ಕೈಯಲ್ಲಿ ಆಗುವುದಿಲ್ಲ. ಹಾಗೇ ಚೌಕಟ್ಟಿನಲ್ಲೇ ಇಟ್ಟಿರು. ನಾನು ಬಂದು ಕಟ್ಟುತ್ತೇನೆ.

ಭಾನುವಾರ ಬಂದರೆ ಹೊರಗೆ ಬರುತ್ತೇನೆ. ಗೋಡೆ ಹಿಡಿದುಕೊಂಡು ಬರಬೇಕು, ತಡವಾಗುತ್ತದೆ. ಗೇಟಿನವನ ಹತ್ತಿರ ಆ ಸ್ಟೂಲು ಕೇಳಿ ಕೂತಿರು.

ತಮ್ಮ